ನಲವತ್ತು ಕಳೆದು ಓದುವುದು

ಮುಳ್ಳಣ್ಣನ ಅಣ್ಣ ಸತ್ತದ್ದು ಮೈದಾನದ ಸಿಮೆಂಟಿನ ಮೆಟ್ಟಿಲ ಮೇಲೆ, ಬೂಟಿನ ಲೇಸು ಕಟ್ಟುತ್ತಾ. ಬೆಳಗಿನ ಆರೂಕಾಲು ಗಂಟೆ. ಬಗ್ಗಿ ಕೂತವನು ಬಗ್ಗಿಯೇ ಇದ್ದ. ಆ ಹೊತ್ತಿಗೆ ಮೈದಾನದಲ್ಲಿ ಇಪ್ಪತ್ತು ಮಂದಿಯಾದರೂ ಓಡುತ್ತಿದ್ದರು. ಎಲ್ಲರೂ ನೋಡಿದರು, ಲೇಸು ಕಟ್ಟುತ್ತಿದ್ದಾನೆ ಅಂದುಕೊಂಡರು. ಮುಳ್ಳಣ್ಣನೂ ನೋಡಿದ. ಎರಡು ಸುತ್ತು ಅವನ ಮುಂದಿನಿಂದಲೇ ಓಡಿಹೋದ. ಎರಡನೆಯ ಸಲ, "ಲೇಸು ಕಟ್ಟೋಕೆ ಒಂದು ಯುಗ ಬೇಕೇನಣ್ಣ, ಏಳು" ಎಂದು ನಕ್ಕಿದ್ದ ಕೂಡ. ಮೂರನೆಯ ಸುತ್ತಿಗೆ ನಿಂತು ಭುಜ ಮುಟ್ಟಿದಾಗ ಅಣ್ಣ ಪಕ್ಕಕ್ಕೆ ವಾಲಿದ. ಲೇಸು ಕಟ್ಟಿ ಮುಗಿದಿತ್ತು. ಅಚ್ಚುಕಟ್ಟಾದ ಎರಡು ಕುಣಿಕೆ.

ಆಗ ಅಣ್ಣನಿಗೆ ಐವತ್ತೊಂಬತ್ತು ವರ್ಷ, ನಾಲ್ಕು ತಿಂಗಳು. ಮುಳ್ಳಣ್ಣನಿಗೆ ಈಗ ಐವತ್ತೊಂಬತ್ತು ವರ್ಷ, ಮೂರು ತಿಂಗಳು. ಈ ಲೆಕ್ಕವನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹೆಂಡತಿಯೂ ಅದೇ ಲೆಕ್ಕ ಹಾಕುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು.

ಅಣ್ಣತಮ್ಮಂದಿರದು ಒಂದೇ ಕಸುಬು, ತಕ್ಕಡಿ ರಿಪೇರಿ. ತರಕಾರಿಯವಳ ಕಬ್ಬಿಣದ ತಕ್ಕಡಿಯಿಂದ ಹಿಡಿದು ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯ ತಕ್ಕಡಿಯವರೆಗೆ ಎಲ್ಲವೂ ಅವರ ಅಗಲ ಕಿರಿದಾದ ಅಂಗಡಿಗೆ ಬರುತ್ತಿದ್ದವು. ಒಂದು ಕಲ್ಲಿನ ಮೇಜು, ಒಂದು ಫ್ಯಾನು, ಮಖಮಲ್ಲಿನ ಗುಳಿಗಳಲ್ಲಿ ಮಲಗಿಸಿದ ಹಿತ್ತಾಳೆಯ ತೂಕದ ಬಟ್ಟುಗಳು, ಅವುಗಳನ್ನು ಎತ್ತಲು ಒಂದು ಚಿಮಟ. ಬರಿಗೈಯಲ್ಲಿ ಬಟ್ಟು ಮುಟ್ಟಿದರೆ ಬೆವರಿನ ತೂಕವೂ ಸೇರುತ್ತದೆ ಎಂದು ಅಣ್ಣ ಬಯ್ಯುತ್ತಿದ್ದ. ಓಟ ಕಲಿಸಿದ್ದೂ ಅವನೇ. ಮೂವತ್ತು ವರ್ಷ ಇಬ್ಬರೂ ಬೆಳಿಗ್ಗೆ ಮೈದಾನ, ಆಮೇಲೆ ಅಂಗಡಿ. ಮುಳ್ಳಣ್ಣ ಎಂಬ ಹೆಸರು ಬಂದದ್ದು ಮೈದಾನದಲ್ಲಿ. ಸಣಕಲು ಮೈ, ನೆಟ್ಟನೆಯ ಬೆನ್ನು, ಓಡುವಾಗ ಅತ್ತಿತ್ತ ವಾಲದ ತಲೆ. ಒಳ್ಳೆಯ ತಕ್ಕಡಿಯ ನಡುವಿನ ಮುಳ್ಳು ನಿಂತ ಹಾಗೆ. ಹೆಸರಿಟ್ಟವನು ಜೊತೆಯಲ್ಲಿ ಓಡುವ ಗೆಳೆಯ, ಬಸ್ಸು ಓಡಿಸಿ ನಿವೃತ್ತನಾದವನು. ಅವನನ್ನು ಎಲ್ಲರೂ ಕರೆಯುವುದು ಡ್ರೈವರು ಅಂತಲೇ.

ಅಣ್ಣ ಹೋದ ಮೇಲೆ ಮುಳ್ಳಣ್ಣನ ಹೆಂಡತಿ ಅವನ ಬೂಟುಗಳನ್ನು ಅಟ್ಟದ ಮೇಲೆ ಎಸೆದಿದ್ದಳು. ಮುಳ್ಳಣ್ಣ ಜಗಳವಾಡಲಿಲ್ಲ. ಆರು ತಿಂಗಳು ಸುಮ್ಮನಿದ್ದ. ಸುಮ್ಮನಿದ್ದವನು ಊಟ ಕಡಿಮೆ ಮಾಡಿದ, ಮಾತು ಕಡಿಮೆ ಮಾಡಿದ, ಸಂಜೆ ಕಿಟಕಿಯ ಹತ್ತಿರ ನಿಂತು ರಸ್ತೆ ನೋಡುವುದನ್ನು ಹೆಚ್ಚು ಮಾಡಿದ. ಕೊನೆಗೆ ಅವಳೇ ಕುರ್ಚಿ ಹಾಕಿಕೊಂಡು ಬೂಟು ಇಳಿಸಿದಳು.

"ಓಡಿ. ಆದ್ರೆ ಒಂದು ಮಾತು. ಡಾಕ್ಟ್ರು ಎದೆಬಡಿತ ನೂರೈವತ್ತು ದಾಟಬಾರದು ಅಂದಿದಾರೆ. ದಾಟಿದ ದಿನ ಬೂಟು ಮತ್ತೆ ಅಟ್ಟಕ್ಕೆ. ಆಮೇಲೆ ನಾನು ಇಳಿಸಲ್ಲ."

ಮಗಳು ವಾಚೊಂದನ್ನು ಕಳಿಸಿಕೊಟ್ಟಳು. ಮಣಿಕಟ್ಟಿನ ಕೆಳಗೆ ಹಸಿರು ಬೆಳಕು ಮಿನುಗಿಸಿ, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂದು ಮೇಲೆ ತೋರಿಸುವ ವಾಚು. ದಿನಾ ಓಟ ಮುಗಿಸಿ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳುತ್ತಿದ್ದಳು, "ಇವತ್ತು ಎಷ್ಟು?" ಅವನು ಆ ದಿನದ ಅತಿ ಹೆಚ್ಚಿನ ಅಂಕಿ ಹೇಳುತ್ತಿದ್ದ. ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದೊಳಗೆ ಪೆನ್ಸಿಲಿನಿಂದ ಬರೆಯುತ್ತಿದ್ದಳು. ದರ್ಜಿಗಳಿಗೆ ಗುಂಡಿ ಹೊಲಿದು ಕಾಜಾ ಹಾಕಿಕೊಡುವ ಹೆಂಗಸು. ಅವಳ ಅಂಕಿಗಳೂ ಕಾಜಾದ ಹಾಗೆಯೇ ಇರುತ್ತಿದ್ದವು, ಸಣ್ಣದಾಗಿ, ಬಿಗಿಯಾಗಿ, ಒಂದೇ ಅಳತೆಯಲ್ಲಿ. ನೂರಿಪ್ಪತ್ತೆಂಟು, ನೂರಮೂವತ್ತು, ನೂರಮೂವತ್ತೊಂದು.

ಎಲ್ಲ ಸರಿಯಾಗಿ ನಡೆಯುತ್ತಿತ್ತು, ಬೇಸಿಗೆಯ ಒಂದು ಬೆಳಿಗ್ಗೆಯವರೆಗೆ. ನಾಲ್ಕನೆಯ ಸುತ್ತಿನಲ್ಲಿ ವಾಚು ಮಣಿಕಟ್ಟಿನ ಮೇಲೆ ನಡುಗಿತು. ನೋಡಿದ. ನೂರ ಎಪ್ಪತ್ತೊಂದು.

ಕಾಲು ತಾನಾಗಿ ನಿಂತುಬಿಟ್ಟಿತು. ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಕೂತ. ಕೂತ ಮೇಲೆ ಎಲ್ಲಿ ಕೂತೆನೆಂದು ಹೊಳೆದು ತಟ್ಟನೆ ಎದ್ದು ನಿಂತ.

"ಏನಪ್ಪಾ ಮುಳ್ಳಣ್ಣ, ಇಂಜಿನ್ ಬಿಸಿಯಾಯ್ತಾ?" ಡ್ರೈವರು ಏದುಸಿರು ಬಿಡುತ್ತಾ ಬಂದ.

ಮುಳ್ಳಣ್ಣ ಕೈ ಚಾಚಿ ವಾಚು ತೋರಿಸಿದ.

"ನೂರ ಎಪ್ಪತ್ತೊಂದಾ? ನನ್ನ ಬಸ್ಸು ಇಳಿಜಾರಲ್ಲೂ ಅಷ್ಟು ಓಡಿದ್ದಿಲ್ಲ ಮಹಾರಾಯ." ಗೆಳೆಯನ ಮುಖ ನೋಡಿ ಅವನ ದನಿ ಇಳಿಯಿತು. "ಎದೆ ನೋವೇನಾದ್ರೂ?"

"ಇಲ್ಲ. ಏನೂ ಇಲ್ಲ. ಅದೇ ಹೆದರಿಕೆ."

"ಏನೂ ಇಲ್ಲದಿದ್ರೆ ವಾಚು ಸುಳ್ಳು ಹೇಳ್ತಿದೆ. ಸುಳ್ಳು ಹಿಡಿಯೋದು ನಿನ್ನ ಕಸುಬಲ್ವಾ?"

ಆ ಮಾತು ಮುಳ್ಳಣ್ಣನಿಗೆ ಹಿಡಿಸಿತು. ಆ ದಿನ ಮನೆಯಲ್ಲಿ ಮೂರನೆಯ ಸುತ್ತಿನ ಅಂಕಿಯನ್ನಷ್ಟೇ ಹೇಳಿದ. ಮರುದಿನ ಅಣ್ಣನ ಹಳೆಯ ಸ್ಟಾಪ್‌ವಾಚನ್ನು ಕುತ್ತಿಗೆಗೆ ಹಾಕಿಕೊಂಡು ಮೈದಾನಕ್ಕೆ ಬಂದ. ಓಡಿ, ನಿಂತು, ಕೊರಳ ಪಕ್ಕ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿದ. ವಾಚು ನೂರ ಎಪ್ಪತ್ತು ತೋರಿಸಿತ್ತು. ಬೆರಳಿನ ಲೆಕ್ಕ ನೂರ ಮೂವತ್ತರ ಹತ್ತಿರ. ಮೂರು ದಿನ ಹಾಗೇ ಮಾಡಿದ. ಅಂಗಡಿಯಲ್ಲಿ ಯಾವ ತಕ್ಕಡಿಯನ್ನೂ ಒಂದು ತೂಕ ನೋಡಿ ನಂಬುವವನಲ್ಲ, ಮೂರು ಸಲ ತೂಗಬೇಕು. ಮೂರು ದಿನವೂ ವಾಚು ನಲವತ್ತರಷ್ಟು ಹೆಚ್ಚು ಹೇಳಿತು. ನಾಲ್ಕನೆಯ ದಿನ ಇನ್ನೊಂದು ಹೊಳೆಯಿತು. ಓಡುತ್ತಾ ತನ್ನ ಹೆಜ್ಜೆಗಳನ್ನೇ ಎಣಿಸಿದ. ನಿಮಿಷಕ್ಕೆ ನೂರ ಎಪ್ಪತ್ತು.

"ಇದು ಎದೆ ಎಣಿಸ್ತಿಲ್ಲ ಕಣಯ್ಯಾ, ಕಾಲು ಎಣಿಸ್ತಿದೆ," ಎಂದ ಡ್ರೈವರಿಗೆ. ಬೇಸಿಗೆಯ ಬೆವರಿಗೆ ಪಟ್ಟಿ ಹಿಗ್ಗಿತ್ತು, ಕೊನೆಯ ತೂತಿಗೆ ಹಾಕಿದರೂ ಅವನ ಸಣ್ಣ ಮಣಿಕಟ್ಟಿಗೆ ಸಡಿಲ. ಪ್ರತಿ ಹೆಜ್ಜೆಗೂ ವಾಚು ಕುಲುಕುತ್ತಿತ್ತು, ಆ ಕುಲುಕನ್ನೇ ಬಡಿತವೆಂದು ಬಗೆಯುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ನಕ್ಕು ಮುಳ್ಳಣ್ಣನಿಗೆ ವರ್ಷಗಳಾಗಿದ್ದವು.

ಪಟ್ಟಿಗೆ ಇನ್ನೊಂದು ತೂತು ಹೊಡೆದಿದ್ದರೆ ಮುಗಿಯುತ್ತಿತ್ತು. ಬೇರೆ ಯಾರಾದರೂ ಅಷ್ಟನ್ನೇ ಮಾಡುತ್ತಿದ್ದರು. ಆದರೆ ಮುಳ್ಳಣ್ಣ ತಕ್ಕಡಿಯವನು. ತಟ್ಟೆಗಳು ಬರಿದಾಗಿದ್ದಾಗಲೂ ತಕ್ಕಡಿ ಒಂದು ಕಡೆಗೆ ತುಸು ಜಗ್ಗಿದರೆ ಆ ವ್ಯತ್ಯಾಸಕ್ಕೆ ಅವರ ಕಸುಬಿನಲ್ಲಿ ಪಾಸಂಗ ಅನ್ನುತ್ತಾರೆ. ಪಾಸಂಗ ಇರುವುದು ದೋಷವಲ್ಲ, ಅದು ಎಷ್ಟೆಂದು ತಿಳಿಯದಿರುವುದು ದೋಷ, ತಿಳಿದರೆ ಚೀಟಿ ಅಂಟಿಸಿ ಕೆಲಸ ನಡೆಸಬಹುದು ಎಂದು ಅಣ್ಣ ಕಲಿಸಿದ್ದ. ಅಂಗಡಿಯಲ್ಲಿ ಕೂತು ಮುಳ್ಳಣ್ಣ ಅಕ್ಕಿಕಾಳಿನಷ್ಟು ಅಕ್ಷರಗಳಲ್ಲಿ ಒಂದು ಚೀಟಿ ಬರೆದ. 'ನಲವತ್ತು ಕಳೆದು ಓದುವುದು.' ವಾಚಿನ ಪಟ್ಟಿಯ ಒಳಮೈಗೆ ಅಂಟಿಸಿದ. ಮೇಲೊಂದು ಪದರ ಅಂಟುಪಟ್ಟಿ ಹಾಕಿ ಉಗುರಿನಿಂದ ತೀಡಿದ.

ಹೆಂಡತಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ನೂರ ಎಪ್ಪತ್ತೊಂದು ಎಂಬ ಅಂಕಿಯನ್ನೂ ಹೇಳಬೇಕಾಗುತ್ತಿತ್ತು. ಅವಳು "ಇವತ್ತು ಎಷ್ಟು?" ಅಂದಾಗ ನಲವತ್ತು ಕಳೆದು ಹೇಳಿದ. ಅವಳು ಬರೆದುಕೊಂಡಳು. ಸುಳ್ಳು ತೂಗುವ ತಕ್ಕಡಿಯನ್ನು ಒಂದು ದಿನಕ್ಕೂ ಅಂಗಡಿಯಿಂದ ಹೊರಗೆ ಬಿಡದವನಿಗೆ ಆ ಪೆನ್ಸಿಲಿನ ಸದ್ದು ಸ್ವಲ್ಪ ಚುಚ್ಚಿತು. ಇದು ಸುಳ್ಳಲ್ಲ, ತಿದ್ದಿದ ತೂಕ ಎಂದು ತನಗೆ ತಾನೇ ಹೇಳಿಕೊಂಡ. ಎರಡು ವಾರ ಕಳೆಯುವಷ್ಟರಲ್ಲಿ ಚುಚ್ಚುವುದೂ ನಿಂತಿತು. ಕಳೆಯುವುದು ಕಣ್ಣಿಗೇ ಅಭ್ಯಾಸವಾಗಿ ಹೋಯಿತು. ನೂರ ಎಪ್ಪತ್ತು ಕಂಡರೆ ನೂರ ಮೂವತ್ತೆಂದೇ ಓದುತ್ತಿದ್ದ.

ಮುಂದಿನ ತಿಂಗಳು ಒಂದು ಭಾನುವಾರ ಊರಿನಲ್ಲಿ ಐವತ್ತೈದು ದಾಟಿದವರಿಗೆ ಐದು ಕಿಲೋಮೀಟರಿನ ಓಟ ಇತ್ತು. ಅಣ್ಣ ಒಂದು ವರ್ಷವೂ ತಪ್ಪಿಸಿದ್ದಿಲ್ಲ. ಮುಳ್ಳಣ್ಣನೂ ಡ್ರೈವರೂ ಹೆಸರು ಕೊಟ್ಟರು.

ಓಟಕ್ಕೆ ಒಂದು ವಾರ ಇದೆ ಅನ್ನುವಾಗ ಮೈ ಯಾಕೋ ಭಾರವೆನಿಸತೊಡಗಿತು. ಅಂಗಡಿಯ ಎರಡೇ ಎರಡು ಮೆಟ್ಟಿಲು ಹತ್ತಿ ಉಸಿರು ಹಿಡಿದುಕೊಂಡು ನಿಂತ. ಹಿತ್ತಾಳೆಯ ಪುಡಿ ಇರಬೇಕು ಅಂದುಕೊಂಡ. ಸೋಮವಾರ ಮೈದಾನದಲ್ಲಿ ಕಾಲಿಗೆ ಒದ್ದೆ ಮರಳಿನ ಚೀಲ ಕಟ್ಟಿದ ಹಾಗಾಯಿತು. ವಾಚು ನೂರ ಎಂಬತ್ತೆಂಟು ಎಂದಿತು. ಕಳೆದ. ನೂರ ನಲವತ್ತೆಂಟು. ನೂರೈವತ್ತಕ್ಕೆ ಇನ್ನೂ ಎರಡು ಕಡಿಮೆ.

"ಇವತ್ತು ಎಷ್ಟು?"

"ನೂರ ನಲವತ್ತೆಂಟು."

ಪೆನ್ಸಿಲು ಚೌಕದ ಮೇಲೆ ತುಸು ಹೊತ್ತು ನಿಂತಿತು. "ಅಂಚಿಗೇ ಬಂತಲ್ರೀ."

"ಓಟ ಹತ್ರ ಬಂತಲ್ಲ, ಜೋರು ಮಾಡ್ತಿದೀನಿ."

ಬುಧವಾರ ಮಧ್ಯಾಹ್ನ ಚಿನ್ನದಂಗಡಿಯವರು ತಮ್ಮ ಗಾಜಿನ ಪೆಟ್ಟಿಗೆಯ ತಕ್ಕಡಿ ತಂದಿಟ್ಟು ಹೋದರು. ಒಂದು ಕೂದಲಿಟ್ಟರೂ ಮುಳ್ಳು ವಾಲುವಂಥ ಸೂಕ್ಷ್ಮ. ಮುಳ್ಳಣ್ಣ ಫ್ಯಾನು ನಿಲ್ಲಿಸಿದ, ಬಾಗಿಲು ಮುಂದೆ ಮಾಡಿದ, ಮೇಜಿಗೆ ಮೊಣಕೈ ಊರಿ ಕಣ್ಣು ಗಾಜಿಗೆ ಹತ್ತಿರ ತಂದ. ಎರಡು ತಟ್ಟೆಯೂ ಬರಿದು. ಮುಳ್ಳು ನಡುಗೆರೆಯ ಮೇಲೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸಣ್ಣಗೆ ಕಂಪಿಸುತ್ತಿತ್ತು.

ಗಾಳಿ ಅಂದುಕೊಂಡ. ಎದ್ದು ಬಾಗಿಲು ಪೂರ್ತಿ ಮುಚ್ಚಿದ, ಕೆಳಗಿನ ಸಂದಿಗೆ ಬಟ್ಟೆ ತುರುಕಿದ. ಬಂದು ನೋಡಿದರೆ ಮುಳ್ಳು ಸ್ಥಿರವಾಗಿ ನಿಂತಿತ್ತು. ಸರಿ ಹೋಯಿತೆಂದು ಮೊಣಕೈ ಊರಿದ. ಮತ್ತೆ ಶುರುವಾಯಿತು. ಕೈ ಎತ್ತಿದ, ನಿಂತಿತು. ಊರಿದ, ನಡುಗಿತು.

ಕಲ್ಲಿನ ಮೇಜಿನ ಕಾಲಿಗೆ ಹೋದ ತಿಂಗಳು ಬೆಣೆ ಸಡಿಲವಾಗಿತ್ತು. ಅವನ ಮೊಣಕೈಯಿಂದ ಮೇಜಿಗೆ, ಮೇಜಿನಿಂದ ಮುಳ್ಳಿಗೆ ಹೋಗುತ್ತಿದ್ದದ್ದು ಅವನದೇ ಎದೆಯ ಬಡಿತ. ಅಷ್ಟೇ ಆಗಿದ್ದರೆ ಬೆಣೆ ಬಡಿದು ಮುಂದಿನ ಕೆಲಸ ನೋಡುತ್ತಿದ್ದ. ಆದರೆ ಆ ನಡುಕಕ್ಕೆ ಒಂದು ಕ್ರಮವಿರಲಿಲ್ಲ. ಮೂರು ಸಲ ಬೇಗಬೇಗ, ಆಮೇಲೆ ಏನೂ ಇಲ್ಲ, ಆಮೇಲೆ ಎರಡು, ಆಮೇಲೆ ಒಂದು ದೊಡ್ಡದು, ಮತ್ತೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆ ಮುಳ್ಳಣ್ಣನ ಉಸಿರೂ ನಿಲ್ಲುತ್ತಿತ್ತು.

ವಾಚು ನೋಡಿದ. ನೂರ ನಲವತ್ತೆಂಟು. ಕಣ್ಣು ಅಭ್ಯಾಸದಂತೆ ಕಳೆಯಿತು, ನೂರ ಎಂಟು, ಪರವಾಗಿಲ್ಲ, ಈಗ ತಾನೇ ಬಾಗಿಲಿಗೆ ಹೋಗಿ ಬಂದೆನಲ್ಲ. ಆಮೇಲೆ ಅವನ ನೋಟ ಕೆಳಗಿಳಿಯಿತು. ಮೇಜಿನ ಕೆಳಗೆ ಚಪ್ಪಲಿಯೊಳಗೆ ಎರಡು ಪಾದಗಳು ಪಕ್ಕಪಕ್ಕದಲ್ಲಿ ಅಲುಗಾಡದೆ ಇದ್ದವು.

ಕಾಲು ಓಡುತ್ತಿಲ್ಲ. ಕಾಲು ಓಡದಿದ್ದರೆ ವಾಚು ಎಣಿಸುತ್ತಿರುವುದು ಏನನ್ನು? ಕಳೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನೂರ ನಲವತ್ತೆಂಟು ಅಂದರೆ ನೂರ ನಲವತ್ತೆಂಟೇ. ಕುರ್ಚಿಯಲ್ಲಿ ಸುಮ್ಮನೆ ಕೂತವನಿಗೆ.

ಮಣಿಕಟ್ಟಿಗೆ ಬೆರಳಿಟ್ಟ. ಹದಿನೈದು ಸೆಕೆಂಡಿಗೆ ಮೂವತ್ತೊಂದು. ಇನ್ನೊಮ್ಮೆ, ನಲವತ್ತು. ಇನ್ನೊಮ್ಮೆ, ಇಪ್ಪತ್ತೇಳು. ಒಂದೇ ಬಟ್ಟಿಗೆ ಮೂರು ಸಲ ಮೂರು ತೂಕ ತೋರಿಸುವ ತಕ್ಕಡಿಗೆ ಚೀಟಿ ಅಂಟಿಸುವಂತಿಲ್ಲ. ಅದನ್ನು ಬಿಚ್ಚಲೇಬೇಕು.

ಹೆಂಡತಿಗೆ ಫೋನು ಮಾಡಿದ.

"ಅಂಗಡಿಗೆ ಬರ್ತೀಯಾ?"

"ಊಟದ ಡಬ್ಬಿ ಬಿಟ್ಟು ಹೋದ್ರಾ? ಇಲ್ಲವಲ್ಲ, ಇಲ್ಲಿ ಕಾಣ್ತಿಲ್ಲ."

"ಡಬ್ಬಿ ಅಲ್ಲ. ನೀನು ಬಾ."

ಆ ಕಡೆಯಲ್ಲಿ ಕತ್ತರಿ ನೆಲಕ್ಕೆ ಬಿದ್ದ ಸದ್ದಾಯಿತು. "ಕೂತಿದೀರಾ, ನಿಂತಿದೀರಾ?"

"ಕೂತಿದೀನಿ."

"ಹಾಗೇ ಇರಿ."

ಅವಳು ಬರಲು ಇಪ್ಪತ್ತು ನಿಮಿಷ ಬೇಕು. ಮುಳ್ಳಣ್ಣನಿಗೆ ಒಂದು ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ಈಗ ಇಲ್ಲೇ ಎದೆ ನಿಂತರೆ ತಾನು ತಕ್ಕಡಿಯ ಮೇಲೆ ಬಗ್ಗಿಯೇ ಇರುತ್ತೇನೆ. ರಸ್ತೆಯಲ್ಲಿ ಹೋಗುವವರು ಬಾಗಿಲ ಗಾಜಿನಿಂದ ನೋಡುತ್ತಾರೆ. ಮುಳ್ಳಣ್ಣ ಕೆಲಸದಲ್ಲಿದ್ದಾನೆ, ತೊಂದರೆ ಕೊಡುವುದು ಬೇಡ ಅಂದುಕೊಂಡು ಮುಂದೆ ಹೋಗುತ್ತಾರೆ. ಸಂಜೆಯವರೆಗೂ.

ಎದ್ದ. ಗೋಡೆ ಹಿಡಿದುಕೊಂಡು ಹೋಗಿ ಬಾಗಿಲನ್ನು ಪೂರ್ತಿ ತೆರೆದ. ಕುರ್ಚಿಯನ್ನು ಎಳೆದು ತಂದು ಹೊಸ್ತಿಲ ಹತ್ತಿರ ರಸ್ತೆಗೆ ಮುಖ ಮಾಡಿ ಹಾಕಿದ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲೆ ಖಾಲಿ ಇಟ್ಟು ಕೂತ. ವಾಲಿದರೆ ವಾಲಿದ್ದು ಎಲ್ಲರಿಗೂ ಕಾಣಬೇಕು. ಎದುರಿನ ಕೀಲಿ ರಿಪೇರಿಯವನು ತಲೆಯೆತ್ತಿ, "ಏನಣ್ಣ, ಗಿರಾಕಿ ಕಾಯ್ತಿದೀರಾ?" ಎಂದ.

"ಹೂಂ. ಆಗಾಗ ಈ ಕಡೆ ನೋಡ್ತಿರು."

"ಯಾಕೆ, ನೀವೇನು ಓಡಿಹೋಗ್ತೀರಾ?"

ಮುಳ್ಳಣ್ಣ ರಸ್ತೆಯ ತಿರುವನ್ನೇ ನೋಡಿದ. ಒಂದು ಸೈಕಲ್ಲು ಬಂತು, ನೀರಿನ ಗಾಡಿ ಬಂತು, ಸ್ಕೂಲು ಬಿಟ್ಟ ಇಬ್ಬರು ಹುಡುಗಿಯರು ಒಂದೇ ಕೊಡೆಯ ಕೆಳಗೆ ಬಿಸಿಲಿನಲ್ಲಿ ಹೋದರು. ಎದೆಯೊಳಗೆ ಡಬ್ಬಿಗೆ ಹಾಕಿದ ಬಟ್ಟುಗಳು ಉರುಳಿದ ಹಾಗೆ ಏನೋ ಉರುಳುತ್ತಿತ್ತು. ಕೀಲಿಯವನು ಮಾತ್ರ ಹೇಳಿದ ಮಾತಿನಂತೆ ಆಗಾಗ ನೋಡುತ್ತಿದ್ದ.

ಅವಳು ಬಾಡಿಗೆ ಕಾರಿನಿಂದ ಇಳಿದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ಜೋತಾಡುತ್ತಿತ್ತು. ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರು.

ಆಸ್ಪತ್ರೆಯ ದಾರಿಯಲ್ಲಿ ಎಲ್ಲ ಹೇಳಿಬಿಡಬೇಕೆಂದು ಮುಳ್ಳಣ್ಣ ಎರಡು ಸಲ ಬಾಯಿ ತೆರೆದ. ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಎರಡು ಸಲವೂ ಅವನು ಕಿಟಕಿಯ ಕಡೆ ತಿರುಗಿದ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದದ ಗೆರೆಯನ್ನು ಬೆರಳಿನಿಂದ ಸವರುತ್ತಾ ಕೇಳಿದರು, "ಲಯ ತಪ್ಪಿದೆ. ಎಷ್ಟು ದಿನದಿಂದ ಹೀಗೆ?"

ಹೆಂಡತಿ ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಚ್ಚಿ ಎರಡು ತುದಿಗಳನ್ನೂ ಅಂಗೈಯಲ್ಲಿ ಒತ್ತಿ ಹಿಡಿದಳು. "ಇವತ್ತೇ ಇರಬೇಕು ಡಾಕ್ಟ್ರೇ. ದಿನಾ ಬರ್ದಿದೀನಿ ನೋಡಿ. ಓಡೋವಾಗ ಕೂಡಾ ಒಂದು ದಿನವೂ ನೂರೈವತ್ತು ದಾಟಿಲ್ಲ." ಹೆದರಿದ ದನಿ. ಅದರೊಳಗೆ ತುಸು ಹೆಮ್ಮೆಯೂ ಇತ್ತು.

ಡಾಕ್ಟರು ಅಂಕಿಗಳನ್ನು ನೋಡುತ್ತಾ ಹೋದರು. "ಒಳ್ಳೇ ಕೆಲಸ ಮಾಡಿದೀರಿ. ಹಾಗಾದ್ರೆ ಇವತ್ತೇ ಶುರುವಾಗಿರಬಹುದು. ಇವತ್ತಿನದೇ ಆದ್ರೆ ಈಗಲೇ ಲಯ ಸರಿ ಮಾಡೋಕೆ ನೋಡಬಹುದು. ಹಳೇದಾಗಿದ್ರೆ ಮಾತ್ರ ಅವಸರ ಮಾಡೋ ಹಾಗಿಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿದ್ರೆ ಅದು ತಲೆಗೆ ಹೋಗುತ್ತೆ." ಪೆನ್ನು ಕಾಗದದ ಮೇಲಿಳಿಯಿತು.

"ಡಾಕ್ಟ್ರೇ," ಎಂದ ಮುಳ್ಳಣ್ಣ.

ಇಬ್ಬರೂ ಅವನ ಕಡೆ ತಿರುಗಿದರು. ಅವನು ಹೆಂಡತಿಯ ಕೈಗಳನ್ನೇ ನೋಡುತ್ತಿದ್ದ, ಕ್ಯಾಲೆಂಡರಿನ ಮೇಲೆ ಚಪ್ಪಟೆಯಾಗಿ ಊರಿದ್ದವು.

"ಅದರಲ್ಲಿ ನಲವತ್ತು ಕಳೆದಿದೆ."

ವಾಚು ಬಿಚ್ಚಿ ಪಟ್ಟಿ ಮಗುಚಿ ಮೇಜಿನ ಮೇಲಿಟ್ಟ. ಡಾಕ್ಟರು ಕನ್ನಡಕ ಮೇಲೆತ್ತಿ ಚೀಟಿ ಓದಿದರು. ಅವನು ಎಲ್ಲವನ್ನೂ ಹೇಳಿದ. ಕಾಲು ಎಣಿಸುವ ವಾಚು, ಬೆರಳಿನ ಲೆಕ್ಕ, ಪಾಸಂಗ, ಸೋಮವಾರದ ನೂರ ಎಂಬತ್ತೆಂಟು, ಚಪ್ಪಲಿಯೊಳಗಿನ ಕಾಲು. ಹೇಳುವಾಗ ದನಿ ಹತೋಟಿ ತಪ್ಪಲಿಲ್ಲ.

ಡಾಕ್ಟರು ವಾಚಿನಲ್ಲಿ ಹಿಂದಿನ ದಿನಗಳ ಅಂಕಿಗಳನ್ನು ಒಂದೊಂದಾಗಿ ತೆಗೆದು ನೋಡಿದರು. "ಒಂಬತ್ತು ದಿನ. ಸುಮ್ಮನೆ ಕೂತಾಗಲೂ ನೂರ ನಲವತ್ತು. ನಿಮಗೆ ಕಾಣಲಿಲ್ವಾ?"

"ಕಾಣ್ತಿತ್ತು. ನೂರು ಅಂತ ಕಾಣ್ತಿತ್ತು."

ಅವರು ಬರೆಯುತ್ತಿದ್ದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ ಹೊಸದನ್ನು ತೆಗೆದುಕೊಂಡರು. ರಕ್ತ ತೆಳುವಾಗಿಸುವ ಮಾತ್ರೆ, ಬಡಿತ ನಿಧಾನ ಮಾಡುವ ಮಾತ್ರೆ, ಕೆಲವು ವಾರಗಳ ನಂತರ ಲಯ ಸರಿಮಾಡುವ ಚಿಕಿತ್ಸೆ. ಓಟ ಪೂರ್ತಿ ಬಂದ್.

ಹೆಂಡತಿ ಕ್ಯಾಲೆಂಡರಿನಿಂದ ಕೈ ತೆಗೆದಳು. "ಭಾನುವಾರ ಓಡಿದ್ದಿದ್ರೆ?"

"ಓಡಲ್ಲವಲ್ಲ," ಎಂದರು ಡಾಕ್ಟರು.

ಅವಳು ಕ್ಯಾಲೆಂಡರನ್ನು ಮತ್ತೆ ಸುರುಳಿ ಸುತ್ತಿದಳು, ನಿಧಾನವಾಗಿ, ತುದಿ ಸಮ ಬರುವವರೆಗೂ. ಹೊರಗೆ ಬೆಂಚಿನ ಮೇಲೆ ಕೂತಾಗಲೂ ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು.

"ನಾನು ಬರೀತಿದ್ದೆನಲ್ಲ, ದಿನಾ. ಅದನ್ನ ನೋಡಿ ನಿಮಗೆ ಏನೂ ಅನ್ನಿಸ್ಲಿಲ್ವಾ?"

"ಮೊದಮೊದಲು ಅನ್ನಿಸ್ತಿತ್ತು."

ಅವಳು ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಕುರ್ಚಿ ಹಾಕಿಕೊಂಡು ಬೂಟುಗಳನ್ನು ಅಟ್ಟದ ಮೇಲಿಟ್ಟಳು. ಎಸೆಯಲಿಲ್ಲ, ಇಟ್ಟಳು.

ಭಾನುವಾರ ಡ್ರೈವರು ಒಬ್ಬನೇ ಓಡಿ, ಕೊನೆಯವನಾಗಿ ಬಂದು, ಸಂಜೆ ಮನೆಗೆ ವರದಿ ಒಪ್ಪಿಸಿದ. "ಹಿಂದೆ ಯಾವ ಗಾಡಿಯೂ ಇಲ್ಲದ ರಸ್ತೆ. ಹಾರನ್ ಮಾಡೋರೇ ಇಲ್ಲ. ಎಷ್ಟು ಆರಾಮ ಗೊತ್ತಾ?" ಯಾರೂ ನಗದಿದ್ದಾಗ ಮಂಚದ ತುದಿಯಲ್ಲಿ ಕೂತು ಗೆಳೆಯನ ಪಾದ ಒತ್ತಿದ. "ಸುಳ್ಳು ಹಿಡಿ ಅಂದೋನು ನಾನೇ ಕಣಯ್ಯಾ," ಎಂದ.

ಆ ವಾರಗಳಲ್ಲಿ ಮುಳ್ಳಣ್ಣ ಹೆದರದೆ ಮಾಡಿದ ಕೆಲಸ ಒಂದೂ ಇಲ್ಲ. ಸ್ನಾನಕ್ಕೆ ಹೋದರೆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ನೆಲಕ್ಕೆ ಬಿದ್ದದ್ದನ್ನು ಎತ್ತಲು ಬಗ್ಗುವ ಮೊದಲು ಯಾರಾದರೂ ನೋಡುತ್ತಿದ್ದಾರಾ ಎಂದು ಸುತ್ತ ಕಣ್ಣಾಡಿಸುತ್ತಿದ್ದ. ಐವತ್ತೊಂಬತ್ತು ವರ್ಷ ನಾಲ್ಕು ತಿಂಗಳು ತುಂಬಿದ ದಿನ ಗಂಡಹೆಂಡತಿ ಇಬ್ಬರೂ ಬೆಳಿಗ್ಗೆಯಿಂದ ಒಂದೇ ಕೋಣೆಯಲ್ಲಿ ಕಳೆದರು. ಯಾಕೆಂದು ಇಬ್ಬರೂ ಹೇಳಲಿಲ್ಲ. ಅವಳು ಹನ್ನೆರಡು ಅಂಗಿಗಳಿಗೆ ಕಾಜಾ ಹಾಕಿದಳು.

ಚಿಕಿತ್ಸೆಯಾಯಿತು. ಲಯ ಸರಿಹೋಯಿತು. ಮತ್ತೆ ತಪ್ಪಬಹುದು, ತಪ್ಪದೆಯೂ ಇರಬಹುದು ಎಂದರು ಡಾಕ್ಟರು. ಎರಡು ತಿಂಗಳ ನಡಿಗೆಯ ಬಳಿಕ ಒಂದು ಸುತ್ತು ನಿಧಾನವಾಗಿ ಓಡಬಹುದು ಎಂದರು. ಓಡಿ ನಿಂತ ಮೇಲೆ ನಾಡಿ ನೋಡಬೇಕು. ಹದಿನೈದು ಸೆಕೆಂಡು ಎಣಿಸಿ ಗುಣಿಸುವುದಲ್ಲ, ಪೂರ್ತಿ ಒಂದು ನಿಮಿಷ. ಎಲ್ಲಿ ತಪ್ಪುತ್ತದೆ ಅನ್ನುವುದು ಪೂರ್ತಿ ಎಣಿಸಿದರೆ ಮಾತ್ರ ಗೊತ್ತಾಗುತ್ತದೆ.

"ನಾನೇ ಎಣಿಸ್ತೀನಿ," ಎಂದಳು ಹೆಂಡತಿ. ಬೂಟು ಇಳಿಸಲ್ಲ ಅಂದಿದ್ದವಳು ಇಳಿಸಿಕೊಟ್ಟಳು. ಹೊರಡುವಾಗ ಅವನು ಬಗ್ಗಲು ಹೋದಾಗ ಅವಳೇ ಕೆಳಗೆ ಕೂತು ಲೇಸು ಕಟ್ಟಿದಳು.

ಮೈದಾನದ ಸಿಮೆಂಟಿನ ಮೆಟ್ಟಿಲ ಮೇಲೆ ಅವಳು ಕೂತಳು. ಕೊರಳಲ್ಲಿ ಅಣ್ಣನ ಸ್ಟಾಪ್‌ವಾಚು. ಡ್ರೈವರು ಪಕ್ಕದಲ್ಲಿ ನಡೆಯುತ್ತಾ, "ಫಸ್ಟ್ ಗೇರಲ್ಲೇ ಇರು, ಸೆಕೆಂಡಿಗೆ ಹಾಕಿದ್ರೆ ತಂಗಿ ನನ್ನ ಲೈಸೆನ್ಸ್ ಕಿತ್ಕೋತಾಳೆ," ಎಂದ. ಮುಳ್ಳಣ್ಣ ಓಡಿದ. ಅದು ಓಟವೂ ಅಲ್ಲ, ನಡಿಗೆಯೂ ಅಲ್ಲ. ನಾನೂರು ಮೀಟರು ಇಷ್ಟು ಉದ್ದವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಎದೆಯ ಕಡೆ ಕಿವಿಗೊಟ್ಟಿದ್ದ. ದೂರದ ತಿರುವಿನಲ್ಲಿ ಮೆಟ್ಟಿಲ ಮೇಲಿನ ಆಕೃತಿ ಚಿಕ್ಕದಾಗಿ ಕಂಡಿತು. ಅವಳು ಬಗ್ಗಿರಲಿಲ್ಲ. ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದಳು.

ಬಂದು ಕೈ ಚಾಚಿದ. ಅವಳ ತೋರುಬೆರಳು ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿತ್ತು, ಅದಕ್ಕೆ ನಾಡಿ ಸಿಗಲಿಲ್ಲ. ಒಂದು ಕ್ಷಣ ಅವಳ ಮುಖ ಬಿಳಿಚಿತು, ಅವನದೂ. ಬೆರಳು ಬದಲಿಸಿದಳು. ಉಂಗುರದ ಬೆರಳಿಗೆ ಸಿಕ್ಕಿತು. ಸ್ಟಾಪ್‌ವಾಚಿನ ಗುಂಡಿ ಒತ್ತಿದಳು.

ಅವಳ ಬೆರಳು ತಣ್ಣಗಿತ್ತು. ಅರ್ಧ ನಿಮಿಷವಾಗಿರಬೇಕು, ಮುಳ್ಳಣ್ಣ ತಡೆಯಲಾರದೆ, "ಎಷ್ಟು?" ಎಂದ.

ಅವಳು ಇಲ್ಲ ಎಂಬಂತೆ ತಲೆಯಲ್ಲಾಡಿಸಿದಳು, ಎಣಿಕೆ ಬಿಡಲಿಲ್ಲ. ಅವನು ಅವಳ ತುಟಿಗಳನ್ನೇ ನೋಡುತ್ತಾ ನಿಂತ. ಸದ್ದಿಲ್ಲದೆ ಅಲುಗುತ್ತಿದ್ದವು, ಒಂದಾದ ಮೇಲೆ ಒಂದು, ಸಮನಾಗಿ. ನಿಮಿಷಕ್ಕೆ ಇನ್ನೂ ಇಪ್ಪತ್ತು ಸೆಕೆಂಡು ಇತ್ತು.